ಗಂಟು ಹಾಕಿದ ಎಳೆ

"ಗಾಡಿ ಹಂಗ ನಿಂದರ್ಲಿ ಕಾಕಾ. ಸೀರಿ ಇಳಸಿದ ಕೂಡ್ಲೇ ಮಗ್ಗ ನಿಮ್ದು," ಸೋಮಪ್ಪ ಮಗ್ಗದ ಕುಣಿಯಲ್ಲಿ ಕೂತೇ ಕೂಗಿದ.

ಮಗ್ಗವನ್ನು ಸೌದೆಯ ಬೆಲೆಗೆ ಕೊಂಡಿದ್ದ ಕಟ್ಟಿಗೆ ಅಡ್ಡೆಯ ಯಾಕೂಬಸಾಬ ಹೊಸ್ತಿಲ ಬಳಿ ಅಡಿಕೆ ಕತ್ತರಿಸುತ್ತಿದ್ದ. "ನನ್ನ ಎತ್ತಿಗೇನು ಅವಸರಿಲ್ಲಪಾ. ಅವಸರ ನಿಂದು. ನಾಳಿಂದ ಗಿರಣಿ ಸಾಹೇಬ!"

"ಸಾಹೇಬ ಎಲ್ಲೀದ್ರಿ? ಗಿರಣಿ ಭೋಂಗಾ ಕೂಗಿದ ಕೂಡ್ಲೇ ಓಡೋ ಆಳು."

ಸೋಮಪ್ಪನ ಹೆಂಡತಿ ಹುಲಿಗೆವ್ವ ನಗಲಿಲ್ಲ. ಗೋಡೆಗೆ ಒರಗಿ ಗಂಡನ ಕೈಯನ್ನೇ ನೋಡುತ್ತಿದ್ದಳು. ಯುದ್ಧ ಶುರುವಾದ ಮೇಲೆ ಹಳೇ ಹುಬ್ಬಳ್ಳಿಯ ಓಣಿಗಳಿಗೆ ನೂಲು ಬರುವುದೇ ಅಪರೂಪವಾಗಿತ್ತು. ಮೊದಲಾದರೆ ಬೆಳಗಾದರೆ ಸಾಕು, ಓಣಿಯುದ್ದಕ್ಕೂ ಹಾಸಿನ ಉದ್ದೆಳೆ ಚಾಚಿ ಹೆಂಗಸರು ಗಂಜಿ ಸವರುತ್ತಿದ್ದರು. ದೂರದಲ್ಲಿ ಎಮ್ಮೆ ಕಂಡರೆ, ಎಳೆ ತುಳಿದೀತೆಂದು ಎಲ್ಲರೂ ಒಟ್ಟಿಗೆ ಚೀರುತ್ತಿದ್ದರು.

ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಕಲಿತ ಮೊದಲ ಕೆಲಸ ಎಳೆಗೆ ಎಳೆ ಸೇರಿಸಿ ಕೆಚ್ಚುವುದು. ಸೀರೆ ಕೊಯ್ದ ಮೇಲೂ ಮಗ್ಗದ ಬಿದಿರಿನ ಹಣಿಗೆಯ ಹಲ್ಲುಗಳಲ್ಲಿ ಒಂದು ಗೇಣು ಎಳೆ ಉಳಿಯಬೇಕು. ಜಾರದಂತೆ ತುದಿಗೆ ಗಂಟು ಹಾಕಬೇಕು. ಮುಂದಿನ ಹಾಸು ಬಂದಾಗ ಬೆರಳಿಗೆ ಬೂದಿ ಹಚ್ಚಿಕೊಂಡು ಹಳೆಯ ಎಳೆಗೆ ಹೊಸ ಎಳೆ ಹೊಸೆಯಬೇಕು. ಹೊಸೆಯುತ್ತಲೇ ಅತ್ತೆ ಅವಳಿಗೆ ಓಣಿಯ ಸುದ್ದಿಯನ್ನೆಲ್ಲ ಹೇಳಿದ್ದಳು. "ಬರಿದಾದ ಹಣಿಗಿ ತಿರುಗಿ ತುಂಬೂದಿಲ್ಲವ್ವಾ" ಎಂದದ್ದೂ ಆಗಲೇ.

"ರೀ, ಒಂದ ಗೇಣರ ಬಿಡ್ರಿ," ಎಂದಳು.

"ಯಾತಕ್ಕ? ಉಪ್ಪಿನಕಾಯಿ ಹಾಕ್ತಿಯೇನು? ಪೂರಾ ಜಗ್ಗಿ ಒಗಿತೇನಿ. ನೂಲು ಬಂದೀತನ್ನೋ ಆಸಿ ಸಾಕಾಗೇತಿ."

ಚೂರಿ ತಂದುಕೊಟ್ಟಳು. ಸೋಮಪ್ಪ ಸರ್ರನೆ ಕೊಯ್ದ. ಕೆಂಪು ಸೀರೆ ಮಡಿಲಿಗೆ ಬಿತ್ತು. ಮಾತು ನಿಂತಿರಲಿಲ್ಲ, ಗಿರಣಿಯ ಪಗಾರ, ಅಲ್ಲಿಯ ನಳದ ನೀರು, ಏನೇನೋ ಹೇಳುತ್ತಿದ್ದ.

ಯಾಕೂಬಸಾಬನ ಅಡಕೊತ್ತು ನಿಂತಿತು. "ಸೋಮಣ್ಣಾ, ಏನ್ ಮಾಡಾಕತ್ತೀಯೋ?"

ಸೋಮಪ್ಪ ತನ್ನ ಕೈ ನೋಡಿಕೊಂಡ. ಬೆರಳುಗಳು ತಮ್ಮಷ್ಟಕ್ಕೆ ಎಳೆಗಳನ್ನು ಹಿಡಿಹಿಡಿಯಾಗಿ ಕೂಡಿಸಿ ಗಂಟು ಹಾಕಿದ್ದವು. ಅರ್ಧ ಹಣಿಗೆ ಮುಗಿದಿತ್ತು.

ಅವನು ಉಳಿದರ್ಧಕ್ಕೂ ಗಂಟು ಹಾಕಿ ಕುಣಿಯಿಂದ ಮೇಲೆದ್ದ.

"ಆ ಬಿದರ ಹಣಿಗಿ ಒಲಿಗೂ ಆಗೂದಿಲ್ಲ. ನೀನ ಇಟ್ಕೋ ತಂಗಿ," ಎಂದು ಯಾಕೂಬಸಾಬ ಮಗ್ಗ ಬಿಚ್ಚಿ ಬರೀ ಕಟ್ಟಿಗೆ ಹೇರಿಕೊಂಡು ಹೋದ.

ಕುಣಿಯ ಮೇಲೆ ಹಲಗೆ ಬಂತು. ಹಣಿಗೆ ಗೋಡೆಯ ಗೂಟಕ್ಕೇರಿತು. ಸೋಮಪ್ಪ ಸಂಜೆ ತಲೆತುಂಬ ಅರಳೆ ಹೊತ್ತು ಬರುತ್ತಿದ್ದ. "ಅಲ್ಲಿ ಲಾಳಿ ತಾನ ಓಡತೈತಿ. ನಾವು ಬರೇ ಕಾಯೂದು," ಎನ್ನುತ್ತಿದ್ದ. ಹಣಿಗೆಯ ಕಡೆ ಅವನು ನೋಡಿದ್ದನ್ನು ಅವಳು ಕಂಡಿರಲಿಲ್ಲ.

ಒಂದು ಬೆಳಿಗ್ಗೆ, ಅವನು ಗಿರಣಿಗೆ ಹೋದ ಮೇಲೆ, ಕಸ ಗುಡಿಸುತ್ತಿದ್ದವಳು ಗೂಟದ ಕೆಳಗೆ ನಿಂತಳು. ನೆಲದ ಮೇಲೆ ಚಿಟಿಕೆ ಬೂದಿ ಬಿದ್ದಿತ್ತು. ಮೇಲೆ ಒಂದು ಗಂಟು ಬಿಚ್ಚಿತ್ತು. ಅದರ ಒಂದು ಕೆಂಪೆಳೆಗೆ ಗಿರಣಿಯ ಬಿಳಿ ನೂಲಿನ ತುಂಡೊಂದು ಹೊಸೆದುಕೊಂಡು ಉದ್ದಕ್ಕೆ ಇಳಿಬಿದ್ದಿತ್ತು.

ಹುಲಿಗೆವ್ವ ಕಸಬರಿಗೆ ಕೆಳಗಿಟ್ಟು, ಅತ್ತೆ ಕಲಿಸಿದಂತೆ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಜಗ್ಗಿ ನೋಡಿದಳು.

ಎಳೆ ಬಿಡಲಿಲ್ಲ.