ಮನೆಯಲ್ಲಿ ಮಾಡುವ ಹಾಗೆ

ಗಂಡನ ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಿಗ್ಗೆ ಅವಳು ಆಸ್ಪತ್ರೆಯ ಪುಟ್ಟ ಅಡುಗೆಮನೆಯಲ್ಲಿ ಚಹಾ ಮಾಡುತ್ತಿದ್ದಳು. ಕುಡಿಯುವುದಕ್ಕಲ್ಲ. ಸಂಧಿವಾತದವರು ತಮ್ಮ ಗೆಣ್ಣುಗಳನ್ನು ಎಷ್ಟು ಜೋಪಾನ ಮಾಡುತ್ತಾರೆಂದು ನೋಡಲು ಅಲ್ಲಿ ಚಹಾ ಮಾಡಿಸುತ್ತಿದ್ದರು. ನಲ್ಲಿ ತಿರುಗಿಸಿದ್ದಕ್ಕೆ ಇಷ್ಟು ಅಂಕ, ಕೆಟಲ್ ಎತ್ತಿದ್ದಕ್ಕೆ ಇಷ್ಟು.

"ಮನೇಲಿ ಹೇಗೆ ಮಾಡ್ತೀರೋ ಹಾಗೇ ಮಾಡಿ. ನಾನು ಇಲ್ಲಿ ಇಲ್ಲ ಅಂದ್ಕೊಳ್ಳಿ," ಎಂದಳು ಥೆರಪಿಸ್ಟ್.

"ಮನೇಲಿ ಇವಳೆಲ್ಲಿ ಮಾಡ್ತಿದ್ಲಮ್ಮ, ಅಳಿಯನೇ ತಾನೆ ಮಾಡ್ತಿದ್ದಿದ್ದು," ಎಂದು ಬಾಗಿಲಾಚೆಯ ಬೆಂಚಿನಿಂದ ಅಮ್ಮನ ಧ್ವನಿ ಬಂತು. ಮಗಳ ಬಟ್ಟೆಗಳೆಲ್ಲ ಆಗಲೇ ಅಮ್ಮನ ಚೀಲ ಸೇರಿದ್ದವು. ಒಬ್ಬಳೇ ಇರಬಲ್ಲಳೆಂದು ಇಲ್ಲಿ ಹೇಳಿದರೆ ಸರಿ, ಇಲ್ಲದಿದ್ದರೆ ಸಂಜೆಯ ಬಸ್ಸಿಗೆ ಅಮ್ಮನ ಜೊತೆ ಹೊರಡಬೇಕು.

ಅವಳು ನಲ್ಲಿಯನ್ನು ಅಂಗೈಯಿಂದ ತಳ್ಳಿದಳು. ಕೆಟಲನ್ನು ಎರಡೂ ಕೈಗಳಿಂದ ಎತ್ತಿದಳು. ಚಹಾಪುಡಿಯ ಜಾಡಿಯನ್ನು ಅಂಗೈಗಳ ನಡುವೆ ಹಿಡಿದು, ತಲೆಯೆತ್ತದೆ ಎಡಕ್ಕೆ ಚಾಚಿದಳು. ಚಾಚಿಕೊಂಡೇ ನಿಂತಳು.

ಥೆರಪಿಸ್ಟ್ ಬರೆಯುವುದನ್ನು ನಿಲ್ಲಿಸಿದಳು. "ಕಳೆದ ಸಲ ಇದಕ್ಕೆ ಪೂರ್ತಿ ಅಂಕ ಕೊಟ್ಟಿದ್ದೆ," ಎಂದಳು ಮೆತ್ತಗೆ. "ಮುಚ್ಚಳ ಬಿಗಿಯಾಗಿದ್ರೆ ಇನ್ನೊಬ್ಬರ ಕೈಗೆ ಕೊಡೋದೂ ಸರಿಯಾದ ಕ್ರಮಾನೇ."

"ಹೌದು. ಅವರು ಎಡಗಡೆ ನಿಲ್ತಿದ್ರು."

ಅಳು ಬರಲಿಲ್ಲ. ಜಾಡಿ ಭಾರವಿದೆ ಎಂದಷ್ಟೇ ಅನ್ನಿಸಿತು.

"ಇವತ್ತಿಗೆ ಸಾಕು ಬಿಡಿ. ಮುಂದಿನ ತಿಂಗಳು ಬನ್ನಿ."

"ಮುಂದಿನ ತಿಂಗಳು ಬರೋಕೆ ನಾನು ಈ ಊರಲ್ಲಿರ್ಬೇಕಲ್ಲ."

ಅವಳು ಒಂದು ಖಾನೆಯನ್ನು ಅರ್ಧ ಎಳೆದು ಜಾಡಿಯನ್ನು ಅದರೊಳಗಿಟ್ಟು, ಸೊಂಟದಿಂದ ಖಾನೆಯನ್ನು ಒತ್ತಿ ಹಿಡಿದಳು. ಒದ್ದೆ ಬಟ್ಟೆಯನ್ನು ಮುಚ್ಚಳದ ಮೇಲೆ ಹಾಸಿ, ಬೆರಳು ತಾಗಿಸದೆ ಅಂಗೈಯೂರಿ ಇಡೀ ತೋಳನ್ನೇ ತಿರುಗಿಸಿದಳು. ಮೊದಲು ಜಾರಿತು. ಆಮೇಲೆ ಮುಚ್ಚಳ ಸಡಿಲವಾಯಿತು.

"ಅರೆ, ಇದನ್ನ ಯಾರು ಹೇಳ್ಕೊಟ್ರು?"

"ನೀವೇ. ಮಾಡೋ ಪ್ರಸಂಗ ಬಂದಿರ್ಲಿಲ್ಲ ಅಷ್ಟೆ."

ಮನೆಗೆ ಬಂದ ಮೇಲೆ ಅಮ್ಮ ಮಗಳ ಬಟ್ಟೆಗಳನ್ನು ಚೀಲದಿಂದ ತೆಗೆದು ಕಪಾಟಿಗೆ ಜೋಡಿಸತೊಡಗಿದಳು. ಕೆಳಗಿನ ಅರೆಯಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ ಕೈಗೆ ತಗುಲಿತು.

"ಇದ್ಯಾರದೇ, ಇಷ್ಟು ಭಾರ?"

"ಮೇಲ್ಗಡೆ ಮನೆ ಎಲೆಕ್ಟ್ರಿಷಿಯನ್‌ದು. ಡ್ರಿಲ್ಲು. ಇವರು ಎರವಲು ತಂದಿದ್ರು."

"ಇರು, ನಾನು ಕೊಟ್ಟು ಬರ್ತೀನಿ."

"ಬೇಡ, ನಾನೇ ಹೋಗ್ತೀನಿ."

ಪೆಟ್ಟಿಗೆಯ ಹಿಡಿಕೆಯೊಳಗೆ ಮುಂದೋಳು ತೂರಿಸಿ, ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ಮೊಣಕೈಯಿಂದ ಗಂಟೆ ಒತ್ತಿದಳು.

"ಅಯ್ಯೋ, ಕೂಗಿದ್ರೆ ನಾನೇ ಬರ್ತಿರ್ಲಿಲ್ವಾ?" ಎಂದ ಎಲೆಕ್ಟ್ರಿಷಿಯನ್. "ಒಂದೇ ಒಂದು ತೂತು ಅಂತ ತಗೊಂಡ್ಹೋದ ಪುಣ್ಯಾತ್ಮ..." ಎಂದವನು ತುಟಿ ಕಚ್ಚಿಕೊಂಡ.

"ಎರಡೂ ಕೈ ಕೊಡಿ," ಎಂದಳು.

ಅವನು ಚಾಚಿದ. ಅವಳು ನಿಧಾನವಾಗಿ ತೋಳನ್ನು ಹಿಡಿಕೆಯಿಂದ ಬಿಡಿಸಿಕೊಂಡಳು.

ಪೆಟ್ಟಿಗೆ ಒಳಗೆ ಹೋದ ಮೇಲೂ ತೋಳು ಮಡಿಸಿದಂತೆಯೇ ಇತ್ತು. ಹಿಡಿಕೆ ಒತ್ತಿದ ಗೆರೆ ಚರ್ಮದ ಮೇಲೆ ಬೆಳ್ಳಗೆ ಮೂಡಿತ್ತು. ಅದು ಮೆಲ್ಲಗೆ ಕೆಂಪಗಾಗುವವರೆಗೂ ಅವಳು ಅಲ್ಲೇ ನೋಡುತ್ತ ನಿಂತಳು.