ಚಲುವರಾಜು ಹೊತ್ತೊಯ್ದ ಲ್ಯಾಪ್‌ಟಾಪು

ಮದ್ದೂರಿನ ಪುಟ್ಟ ವೆಬ್‌ಸೈಟ್ ಕಂಪನಿಯಲ್ಲಿ ಎಲ್ಲರ ಕಂಪ್ಯೂಟರುಗಳನ್ನೂ ಕೆಲಸಕ್ಕೆ ಸಜ್ಜು ಮಾಡಿಕೊಡುವುದು ಚಲುವರಾಜುವಿನ ಹೊಣೆ. ಅವನು ಬೀಗರೂಟಕ್ಕೆಂದು ಮಳವಳ್ಳಿಗೆ ಹೋದ ದಿನ ಆಫೀಸಿನಲ್ಲಿ ಯಾರ ಕಂಪ್ಯೂಟರಿನಲ್ಲೂ ಅವರು ಕಟ್ಟುತ್ತಿದ್ದ ಸೈಟು ತೆರೆಯಲಿಲ್ಲ. ಹೊಸದಾಗಿ ಸೇರಿದ್ದ ರಕ್ಷಿತಾ ಫೋನು ಮಾಡಿದಳು.

"ನೀನೇ ಏನೋ ಕೆಡಿಸಿದ್ದೀಯ. ನಾನಿದ್ದಾಗ ನೆಟ್ಗೇ ಓಡ್ತಿತ್ತು ಕಣಮ್ಮ! ಕೆಲ್ಸ ಬರ್ದಿದ್ರೆ ಮನೇಲಿರು," ಎಂದು ಅವನು ಎಲೆಯ ಮುಂದೆ ಕೂತೇ ಗದರಿದ. ಅವಳ ಫೋನು ಸ್ಪೀಕರಿನಲ್ಲಿತ್ತು, ಆಫೀಸೆಲ್ಲ ಕೇಳಿಸಿಕೊಂಡಿತು.

ಮಾರನೆಯ ಬೆಳಿಗ್ಗೆ ಅವನು ಬಂದು ತನ್ನ ಲ್ಯಾಪ್‌ಟಾಪು ಆನ್ ಮಾಡಿದ್ದೇ ತಡ, ಎಲ್ಲರ ಪರದೆಯಲ್ಲೂ ಸೈಟು ತೆರೆದುಕೊಂಡಿತು.

"ನಿಮ್ಮುನ್ನ ಕಂಡ್ರೆ ಕಂಪ್ಯೂಟ್ರೂ ಎದ್ರುಕೊತ್ತದೆ ಬುಡಣ್ಣ," ಎಂದು ಪಕ್ಕದ ಮೇಜಿನ ಶಿವರಾಮು ನಕ್ಕ.

ಚಲುವರಾಜುವಿಗೆ ನಗು ಬರಲಿಲ್ಲ. ಕೆಲಸ ಬೇಗ ಮುಗಿಯಲೆಂದು ಎಲ್ಲರ ಕಂಪ್ಯೂಟರನ್ನೂ ತನ್ನ ಲ್ಯಾಪ್‌ಟಾಪಿನಲ್ಲಿದ್ದ ಡೇಟಾಬೇಸಿಗೇ, ಅಂದರೆ ಸೈಟಿನ ಮಾಹಿತಿಯೆಲ್ಲ ಇರುವ ಕಣಜಕ್ಕೇ, ಜೋಡಿಸಿದ್ದವನು ಅವನೇ; ಅದು ಸಿಗದಿದ್ದರೆ ಸೈಟು ತೆರೆಯದು. ಆ ಲ್ಯಾಪ್‌ಟಾಪನ್ನೇ ಹೆಗಲಿಗೇರಿಸಿಕೊಂಡು ಊಟಕ್ಕೆ ಹೋಗಿದ್ದ. ಇದು ಯಾರಿಗೂ ಗೊತ್ತಿಲ್ಲ. ಸುಮ್ಮನಿದ್ದರೆ ಗೊತ್ತಾಗುವುದೂ ಇಲ್ಲ. ಅತ್ತ ರಕ್ಷಿತಾ ತಲೆ ಎತ್ತದೆ ತನ್ನ ಸಾಮಾನನ್ನು ಚೀಲಕ್ಕೆ ತುಂಬುತ್ತಿದ್ದಳು.

ಅವನು ಕುರ್ಚಿಯಿಂದ ಎದ್ದು ಅವಳ ಮೇಜಿನ ಬಳಿ ಬಂದ.

"ಚೀಲ ಕೆಳಗಿಡು ಕಣಮ್ಮ," ಎಂದ, ಎಲ್ಲರಿಗೂ ಕೇಳುವಂತೆ. "ತಪ್ಪು ನಂದು. ನಿಮ್ಮೆಲ್ರ ಕೆಲ್ಸಾನೂ ಬ್ಯಾಗಲ್ಲಾಕ್ಕೊಂಡು ಬಾಡೂಟಕ್ಕೋಗಿದ್ದೆ."

ಯಾರೂ ನಗಲಿಲ್ಲ. ರಕ್ಷಿತಾ ಚೀಲ ಕೆಳಗಿಟ್ಟಳು. ಅವನ ಮುಖ ಮಾತ್ರ ನೋಡಲಿಲ್ಲ.