ಹತ್ತೊಂಬತ್ತು ಸಾಲು

"ಏ ಮುದುಕಾ, ಬೋಳಿಮಗನೆ, ಹಳದಿ ಗೆರೆ ಮೇಲೆ ಡಬ್ಬಿ ಇಡಬೇಡ ಅಂತ ಎಷ್ಟು ಸಲ ಬಡ್ಕೊಳ್ಳೋದು?"

ಮ್ಯಾನೇಜರ ಬೂಟುಗಾಲಿನಿಂದ ಎಣ್ಣೆ ಡಬ್ಬಿಯನ್ನು ಒದ್ದ. ಮುದುಕ ಮಂಡಿಯೂರಿ, ಚೆಲ್ಲಿದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸತೊಡಗಿದ. ಮೂರನೇ ಪ್ರೆಸ್ಸಿನ ಮುಂದೆ ನಿಂತಿದ್ದ ಅವನ ಸೊಸೆ ತಗಡನ್ನು ಒಳಗೆ ತಳ್ಳಿ ಗುಂಡಿ ಒತ್ತಿದಳು. ಮಾವನ ಬೆನ್ನು ನೋಡದಿರಲು ಅವಳಿಗೆ ಆ ಗುಂಡಿಯೇ ಗತಿ.

ಆ ವಾರ ಕಾರ್ಖಾನೆಗೆ ಹೊಸ ಪದ್ಧತಿ ಬಂದಿತ್ತು. ಯಂತ್ರ ಕೆಟ್ಟ ಮೇಲೆ ರಿಪೇರಿಯಲ್ಲ, ಕೆಡದಂತೆ ನೋಡಿಕೊಳ್ಳುವುದು; ಉತ್ಪಾದನೆ ತಾನಾಗಿ ಏರುತ್ತದಂತೆ. ಇನ್ನು ಮೇಲೆ ನಡೆಸುವವರೇ ಒರೆಸಬೇಕು, ಎಣ್ಣೆ ಹಾಕಬೇಕು, ನಟ್ಟು ಬಿಗಿಯಬೇಕು. ದೋಷ ಕಂಡರೆ ಕೆಂಪು ಚೀಟಿ ನೇತುಹಾಕಿ ಯಾರು ಬೇಕಾದರೂ ಲೈನು ನಿಲ್ಲಿಸಬಹುದು.

"ನಿಮ್ಮ ಯಂತ್ರ ನಿಮ್ಮ ಮಗು ಇದ್ದ ಹಾಗೆ," ಎಂದ ಮ್ಯಾನೇಜರ.

"ಹಂಗಾದ್ರೆ ಬಾಣಂತನಕ್ಕೆ ರಜಾ ಕೊಡಿ ಸಾರ್," ಎಂದಳು ನಾಲ್ಕನೇ ಪ್ರೆಸ್ಸಿನವಳು.

ನಕ್ಕವರಿಗೆಲ್ಲ ಅವತ್ತು ಟೀ ಇರಲಿಲ್ಲ.

ಪ್ರತಿ ಯಂತ್ರಕ್ಕೂ ಒಂದು ತಪಾಸಣೆ ಹಾಳೆ ಬರೆದುಕೊಡಬೇಕಿತ್ತು. ಸೊಸೆಗೇನು ಚಿಂತೆ? ಇಪ್ಪತ್ತಾರು ವರ್ಷ ಆ ಲೈನಿಗೆ ಎಣ್ಣೆ ಹಾಕುತ್ತ ಬಂದ ಮಾವ ಮನೆಯಲ್ಲೇ ಇದ್ದ. ಸ್ಕ್ರೂಡ್ರೈವರಿನ ತುದಿ ಯಂತ್ರಕ್ಕೂ ಹಿಡಿ ಕಿವಿಗೂ ಇಟ್ಟು, ಕಬ್ಬಿಣದ ಹೊಟ್ಟೆಯೊಳಗಿನದನ್ನು ಕೇಳಿಸಿಕೊಳ್ಳುತ್ತಿದ್ದವನು.

"ಬರ್ಕೋ ಕಣಮ್ಮ. ಬೇರಿಂಗು ಒಂದೇ ಸಲ ಬೊಗಳಲ್ಲ, ಮೊದ್ಲು ಗುರ್ ಅನ್ನತ್ತೆ. ಆಗ್ಲೇ ಗ್ರೀಸು ಕೊಟ್ರೆ ಆರು ತಿಂಗ್ಳು ತೆಪ್ಪಗಿರತ್ತೆ, ನಿನ್ ಗಂಡನ್ ತರ."

ಒಲೆಯ ಮುಂದೆ ಕೂತು ಅವನು ಹೇಳಿದ, ಅವಳು ಬರೆದಳು. ಅವನ ಮಾತನ್ನು ಯಾರೂ ಅಷ್ಟು ಹೊತ್ತು ಕೇಳಿರಲಿಲ್ಲ. ಒಟ್ಟು ಹತ್ತೊಂಬತ್ತು ಸಾಲಾಯಿತು.

ಹಾಳೆ ನೋಡಿದ ಮ್ಯಾನೇಜರ ಎಲ್ಲರ ಕೈಲಿ ಚಪ್ಪಾಳೆ ತಟ್ಟಿಸಿದ. ಅವಳ ಫೋಟೋ ಬೋರ್ಡಿಗೇರಿತು. ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಮಾವನ ಹಾಜರಿ ಕಾರ್ಡನ್ನು ಕಿತ್ತಿಟ್ಟುಕೊಂಡರು.

"ನಿನ್ ಸೊಸೆನೇ ಎಲ್ಲಾ ಬರ್ಕೊಟ್ಟಿದಾಳಲ್ಲ ತಾತ," ಎಂದ ಗೇಟಿನ ಗುಮಾಸ್ತ. "ಇನ್ನು ನಿನ್ ಕಿವಿ ಕಟ್ಕೊಂಡು ಕಂಪನಿ ಏನ್ ಮಾಡತ್ತೆ?"

ಮಾವ ಸೊಸೆಯ ಮುಖ ನೋಡಲಿಲ್ಲ. ಬಂದ ದಾರಿಯಲ್ಲೇ ನಡೆದುಬಿಟ್ಟ. ಮನೆಯಲ್ಲಿ ಒಮ್ಮೆ ಬೈದಿದ್ದರೂ ಅವಳಿಗೆ ತುತ್ತು ಇಳಿಯುತ್ತಿತ್ತು. ಬೈಯಲಿಲ್ಲ.

ಹತ್ತು ದಿನಕ್ಕೆ ಮೂರನೇ ಪ್ರೆಸ್ಸು ಗುರುಗುಟ್ಟತೊಡಗಿತು. ಗ್ರೀಸು ಕೊಟ್ಟಳು, ನಟ್ಟು ಬಿಗಿದಳು, ಹತ್ತೊಂಬತ್ತು ಸಾಲೂ ಮುಗಿಸಿದಳು. ಸದ್ದು ನಿಲ್ಲಲಿಲ್ಲ.

"ಮಾವ, ಗುರ್ ಅಂದ್ಮೇಲೆ ಕಟಕಟ ಅಂದ್ರೆ ಏನು?"

ಅವನು ಗೋಡೆಯ ಕಡೆ ಹೊರಳಿದ. "ನಿನ್ ಹಾಳೆನ ಕೇಳು."

ಮರುದಿನ ದೊಡ್ಡ ಸಾಹೇಬರು ಹೊಸ ಪದ್ಧತಿಯನ್ನು ನೋಡಲು ಬರುವವರಿದ್ದರು. ಬೆಳಿಗ್ಗೆಯೇ ಮ್ಯಾನೇಜರ ಹಾಳೆ ಚಾಚಿದ. "ಎಲ್ಲಾ ಸರಿಯಿದೆ ಅಂತ ಸೈನ್ ಹಾಕು."

"ಒಳಗೇನೋ ಸದ್ದು ಸಾರ್."

"ನಂಗೇನೂ ಕೇಳಿಸ್ತಿಲ್ಲ. ಹಾಕು."

ಅವಳು ಪೆನ್ನು ಕೆಳಗಿಟ್ಟಳು. ಕೆಂಪು ಚೀಟಿಯನ್ನು ಯಂತ್ರಕ್ಕೆ ಸಿಕ್ಕಿಸಿ, ಪ್ರೆಸ್ಸು ನಿಲ್ಲಿಸಿ, ಬೀಗದಕೈ ತಿರುಗಿಸಿ ಕಿತ್ತುಕೊಂಡಳು. ತಗಡು ಬಾರದೆ ನಾಲ್ಕನೆಯದು ನಿಂತಿತು, ಐದನೆಯದು ನಿಂತಿತು, ಕೊನೆಗೆ ಇಡೀ ಲೈನು.

"ಏನೇ, ನಿಮ್ಮಪ್ಪನ ಮನೆ ಲೈನಾ ಇದು? ದೋಷ ಏನಂತ ತೋರ್ಸೇ!"

"ನಂಗೊತ್ತಿಲ್ಲ. ಗೊತ್ತಿದ್ದೋರನ್ನ ನಾನೂ ನೀವೂ ಸೇರಿ ಹೊರಗೆ ಹಾಕಿದೀವಲ್ಲ. ಕರ್ಸಿ."

"ಚೀಟಿ ಕಿತ್ತಾಕೇ, ಮುಂಡೆ! ಸಾಹೇಬ್ರು ಬಂದ್ರು!"

"ಯಾರು ಬೇಕಾದ್ರೂ ನಿಲ್ಲಿಸ್ಬಹುದು ಅಂದೋರು ನೀವೇ ಸಾರ್."

ಪ್ರೆಸ್ಸಿನ ಕೆಳಗೆ ನಗ್ಗಿಹೋದ ಎಣ್ಣೆ ಡಬ್ಬಿ ಇನ್ನೂ ಬಿದ್ದಿತ್ತು. ಅವಳು ಅದನ್ನು ಎಳೆದು, ಹಳದಿ ಗೆರೆಯ ಮೇಲೆ ಬೋರಲು ಹಾಕಿ, ಬೀಗದಕೈಯನ್ನು ಮುಷ್ಟಿಯಲ್ಲಿ ಹಿಡಿದು ಅದರ ಮೇಲೆ ಕೂತಳು. ಯಂತ್ರಗಳೆಲ್ಲ ಬಾಯಿ ಮುಚ್ಚಿದ್ದವು. ಬಾಗಿಲ ಕಡೆಯಿಂದ ಬರುತ್ತಿದ್ದ ಬೂಟುಗಳ ಸದ್ದು ಅವಳಿಗೆ ಒಂದೊಂದಾಗಿ ಕೇಳಿಸುತ್ತಿತ್ತು.